ಮೇಡಂ ಕೊಟ್ಟ ಹೂಜಿ ಗಿಡ

ಜಯಶೀಲಾ ಮೇಡಂ ಆ ಹೂಜಿ ಗಿಡವನ್ನು ಕೈಗೆ ಕೊಟ್ಟಾಗ ತಿಮ್ಮೇಶನಿಗೆ ತನ್ನ ವರ್ಗಾವಣೆಯೇ ಕುಂಡದಲ್ಲಿ ಕೂತು ಬಂದಂತೆ ಕಂಡಿತು.

ತಿಮ್ಮೇಶ ಹಿರಿಯೂರಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಸುಮಾ ಹೊಳಲ್ಕೆರೆಯಲ್ಲಿ ಟೀಚರು. ಅಲ್ಲಿಗೆ ವರ್ಗವಾಗಬೇಕೆಂದರೆ ಮ್ಯಾನೇಜರ್ ಜಯಶೀಲಾ ಮೇಡಂ ಮನಸ್ಸು ಮಾಡಬೇಕು. ಮೇಡಂ ಗಂಡನ ಜೊತೆ ಹುಬ್ಬಳ್ಳಿಗೆ ಮದುವೆಗೆ ಹೊರಟಿದ್ದರು.

"ನಮ್ಮೆಜಮಾನ್ರ ಗಿಡ ಇದು. ಹೈಬ್ರಿಡ್ಡು, ಮಳೆಕಾಡಿಂದು, ಹುಳ ತಿನ್ನೋ ಜಾತಿ," ಎಂದು ಮೇಡಂ, ಗಂಡ ಕಲಿಸಿದ ಪಾಠವನ್ನು ಒಪ್ಪಿಸಿದರು. "ಫಿಲ್ಟರ್ ನೀರೇ ಹಾಕ್ಬೇಕು, ಬೋರ್ ನೀರು ಬಿದ್ರೆ ಹೋಯ್ತು. ಗೊಬ್ಬರ ಬೇಡ, ಸುಡುಬಿಸಿಲು ಬೇಡ, ಬಿಸಿಗಾಳಿಯಂತೂ ಬೇಡವೇ ಬೇಡ. ಹೂಜಿಯೊಳಗಿನ ನೀರು ಚೆಲ್ಬಾರ್ದು, ನೊಣ ಇರುವೆ ಅರಗಿಸ್ಕೊಳ್ಳೋದು ಅದ್ರಾಗೇ. ಶನಿವಾರ ಸಂಜೆ ಬರ್ತೀವಿ. ನಿಮ್ಮ ವರ್ಗದ ವಿಷಯ ಆಗ ಮಾತಾಡಾಣ."

ಏಪ್ರಿಲ್ ತಿಂಗಳ ಹಿರಿಯೂರಲ್ಲಿ ಬಿಸಿಗಾಳಿ ಬೇಡ ಅನ್ನುವುದು, ಹೊಳೆಗಿಳಿದು ಮೈ ಒದ್ದೆಯಾಗಬಾರದು ಅಂದಂತೆ. ತಿಮ್ಮೇಶ ಗಿಡವನ್ನು ಬಚ್ಚಲಮನೆ ಕಿಟಕಿಯಲ್ಲಿಟ್ಟು, ಸುತ್ತ ಒದ್ದೆ ಗೋಣಿಚೀಲ ಇಳಿಬಿಟ್ಟು, ತಾನು ಅಂಗಳದ ನಲ್ಲಿಯಡಿ ಸ್ನಾನ ಮಾಡಿದ. ಗಿಡಕ್ಕೆ ಫಿಲ್ಟರ್ ನೀರು ಹಾಕಿ ತಾನು ಬೋರ್ ನೀರು ಕುಡಿದ. ಕೆಂಪುಗೆರೆಯ ಹೂಜಿಗಳು ಊಟಕ್ಕೆ ಕೂತ ಬೀಗರಂತೆ ಬಾಯಿ ತೆರೆದುಕೊಂಡು ಜೋತಾಡುತ್ತಿದ್ದವು.

ಶನಿವಾರ ಬೆಳಿಗ್ಗೆ ಮನೆ ಓನರ್ ಚಂದ್ರಕ್ಕ ಬಚ್ಚಲಿಗೆ ಇಣುಕಿದಳು.

"ಏನಪ್ಪ ತಿಮ್ಮೇಶ, ಇದರಾಗೆ ನೀರು ನಿಂತೈತಲ್ಲ! ಬೀದಿ ತುಂಬ ಡೆಂಗ್ಯೂ. ನೀನಿಲ್ಲಿ ಸೊಳ್ಳೆ ಸಾಕ್ತಿದೀಯೇನು?"

"ಇದು ಸೊಳ್ಳೇನೇ ತಿಂತೈತೆ ಚಂದ್ರಕ್ಕ!"

"ತಿನ್ನಾಕಾದ್ರೂ ಮೊದ್ಲು ಸೊಳ್ಳೆ ಬರ್ಬೇಕಲ್ಲ?"

ಚಂದ್ರಕ್ಕ ಬೀದಿಗೆ ಹೋಗಿ, ಲಾರ್ವಾ ಸರ್ವೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಮಮತಾಳನ್ನು ಕರೆತಂದಳು. ಮಮತಾ ಹೂಜಿಯೊಳಗೆ ಟಾರ್ಚ್ ಬಿಟ್ಟಳು.

"ಏನೋ ತೇಲ್ತೈತೆ ಸರ್."

"ಇರುವೆ ಕಣಮ್ಮ. ಸತ್ತ ಇರುವೆ!"

"ಇರುವೇನೋ ಲಾರ್ವಾನೋ ಚೆಲ್ಲಿದ್ರೆ ಗೊತ್ತಾಗ್ತೈತೆ. ನಿಂತ ನೀರು ಚೆಲ್ಲಿಸ್ಲೇಬೇಕು, ಮೇಲಿಂದ ಆರ್ಡರ್ ಐತೆ. ಇಲ್ಲಾಂದ್ರೆ ಔಷಧಿ ಹಾಕ್ತೀನಿ."

"ಔಷಧಿ ಯಾಕವ್ವ, ಬಗ್ಗಿಸಿದ್ರೆ ಆತು," ಎಂದು ಚಂದ್ರಕ್ಕ ಕೈ ಚಾಚಿದಳು.

ತಿಮ್ಮೇಶ ಅವಳ ಕೈ ತಪ್ಪಿಸಿದ. ಕುಂಡವನ್ನು ಕೂಸಿನಂತೆ ಅವುಚಿ, ಒದ್ದೆ ಟವೆಲ್ ಹೊದಿಸಿ, ಫಿಲ್ಟರ್ ನೀರಿನ ಬಾಟಲಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೋಡಿದ. "ಏಯ್, ಹಿಡ್ಕಳ್ರಿ!" ಎಂದು ಚಂದ್ರಕ್ಕ ಬೆನ್ನು ಹತ್ತಿದಳು. ಅವನು ಸಿಕ್ಕ ಆಟೋ ಹತ್ತಿ ಸೀದಾ ಮೇಡಂ ಮನೆಗೆ ಬಂದ.

ಮನೆಗೆ ಬೀಗ. ಜಗಲಿ ಮೇಲೆ ಚೂರು ನೆರಳಿತ್ತು. ಆದರೆ ದಾರಿಯ ಬಿಸಿಗಾಳಿಗೆ ಎಲೆಗಳು ಆಗಲೇ ಜೋಲುಬಿದ್ದಿದ್ದವು. ಟವೆಲ್ ಹಪ್ಪಳದಂತೆ ಒಣಗಿತ್ತು. ನೀರು ಚಿಮುಕಿಸಲು ಸ್ಪ್ರೇ ಇಲ್ಲ. ತಿಮ್ಮೇಶ ಬಾಯಿ ತುಂಬ ನೀರು ತುಂಬಿಕೊಂಡು ಗಿಡದ ಮೇಲೆ 'ಫುರ್' ಎಂದು ಊದಿದ. ಸುತ್ತು ಬಂದು ಮತ್ತೆ ಊದಿದ. ಮಧ್ಯಾಹ್ನವೆಲ್ಲ ಅದೇ ಕೆಲಸ.

ಎದುರುಮನೆ ಓಬವ್ವ ಕಿಟಕಿಯಿಂದ ನೋಡಿ ನೋಡಿ ಬೀದಿಗಿಳಿದಳು. "ಯಾರ್ರೀ ಅಲ್ಲಿ? ಹಾಡಹಗಲೇ ಮಾಟ ಮಾಡ್ತಾವ್ನೆ! ಪೊಲೀಸ್ರಿಗೆ ಫೋನ್ ಹಚ್ರಿ!"

ಜನ ಸೇರಿದರು. ಒಬ್ಬ ಕಾಲರ್ ಹಿಡಿದ. "ಹೇಳಲೇ, ಯಾರು ಕಳಿಸಿದ್ದು?" ತಿಮ್ಮೇಶನ ಬಾಯಿ ತುಂಬ ನೀರು. ಉಗುಳಿದರೆ ಎದುರಿಗಿದ್ದವನ ಮುಖಕ್ಕೆ, ನುಂಗಿದರೆ ಗಿಡದ ಕೊನೆಯ ಗುಟುಕು. ಕಣ್ಣು ಮೇಲೆಕೆಳಗಾಗುತ್ತಿರುವಾಗ ಮೇಡಂ ಕಾರು ಬಂದು ನಿಂತಿತು.

ಮೇಡಂ ಗಂಡ ಮುರುಗಪ್ಪ ಜನರನ್ನು ಸರಿಸಿ ಗಿಡದ ಮುಂದೆ ಕುಕ್ಕರಿಸಿದರು. "ಲೇ, ಹೊಸ ಹೂಜಿ ಮೂಡೈತೆ ಕಣ್ರೋ! ನನ್ನ ಕೈಲಾಗದ್ದು ಇವ್ನ ಕೈಲಾತು!" ಎಂದು ತಿಮ್ಮೇಶನನ್ನು ತಬ್ಬಿಕೊಂಡರು. ನೀರು ತಾನಾಗಿ ಗಂಟಲಿಗಿಳಿಯಿತು. ಮುರುಗಪ್ಪ ಗಿಡ ಎತ್ತಿಕೊಂಡು ಒಳಗೆ ಹೋದರು. ಜನ ಚದುರಿದರು. ತಿಮ್ಮೇಶ ಕಾಲರ್ ಸರಿಮಾಡಿಕೊಂಡು, ಹಲ್ಲು ಬಿಟ್ಟು ಮೇಡಂ ಕಡೆ ತಿರುಗಿದ.

ಮೇಡಂ ಮುಖ ಕಾದ ಬಾಣಲೆಯಂತಾಗಿತ್ತು.

"ಏನ್ರೀ ತಿಮ್ಮೇಶ್, ಆಫೀಸಲ್ಲಿ ಕಳ್ಳಿ ಗಿಡಾನೂ ಒಣಗಿಸಿದೋರು ನೀವು. ಅದಕ್ಕೇ ಹುಡುಕಿ ನಿಮ್ಮ ಕೈಗೆ ಕೊಟ್ಟಿದ್ದು!"

"ಮೇಡಂ?"

"ಈ ಮನುಷ್ಯ ಎದ್ದ ತಕ್ಷಣ ಅದಕ್ಕೆ ನೀರು ಚಿಮುಕಿಸ್ತಾರೆ. ಕಾಫಿ ಕುಡುದ್ಯಾ ಅಂತ ಒಂದಿನ ನನ್ನ ಕೇಳಿಲ್ಲ. ಈ ಪೀಡೆ ನಿಮ್ಮ ಮನೇಲೇ ಮುಗೀತೈತೆ ಅಂತ ನಾನು ಮದುವೆ ಊಟ ನೆಮ್ಮದಿಯಾಗಿ ಉಂಡ್ಬಂದೆ!"

"ಮೇಡಂ, ನನ್ನ ವರ್ಗ..."

ಅಷ್ಟರಲ್ಲಿ ಒಳಗಿನಿಂದ ಮುರುಗಪ್ಪ ಕೂಗಿದರು. "ಶೀಲಾ, ಈ ತಿಮ್ಮೇಶನ್ನ ಮಾತ್ರ ಹಿರಿಯೂರಿಂದ ಬಿಡಬ್ಯಾಡ! ಬರೋ ತಿಂಗ್ಳು ಇನ್ನೂ ನಾಕು ಗಿಡ ತರುಸ್ತೀನಿ!"

"ಆಗ್ಲಿ ರೀ," ಅಂದರು ಮೇಡಂ, ತಿಮ್ಮೇಶನನ್ನೇ ದುರುಗುಟ್ಟಿ ನೋಡುತ್ತ. "ಬಿಡಲ್ಲ."

ಆ ಮನೆಯಲ್ಲಿ ಗಂಡ ಹೆಂಡತಿ ಒಂದು ಮಾತಿಗೆ ಒಪ್ಪಿದ್ದನ್ನು ತಾನು ಕೇಳಿದ್ದು ಅದೇ ಮೊದಲು ಎಂದು, ಎದುರು ಕಿಟಕಿಯಲ್ಲಿ ಕಿವಿಗೊಟ್ಟು ನಿಂತಿದ್ದ ಓಬವ್ವ ಆಮೇಲೆ ಬೀದಿಗೆಲ್ಲ ಹೇಳಿದಳು.