ದೇವನೂರಿನ ಜೇಡ ಮತ್ತು ನಮ್ಮ ಮಾವ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ತರೀಕೆರೆಯಲ್ಲಿ ಮೊಟ್ಟಮೊದಲು ಸಾರಿದವನು ನಾನು. ಆಮೇಲೆ ಊರೆಲ್ಲ ಅದನ್ನೇ ಹೇಳಿತು, ನಿಜ. ಆದರೆ ಆ ಹೆಗ್ಗಳಿಕೆಯಲ್ಲಿ ಯಾರಿಗೂ ಪಾಲು ಕೊಡಲು ನಾನು ತಯಾರಿಲ್ಲ. ಅವರ ಮನೆಯಲ್ಲಿ ಉಂಡುಕೊಂಡು, ಅವರು ಸಾಕಿದ ಜೇಡದ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವನು ನಾನೇ ತಾನೆ?

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ತರೀಕೆರೆಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು. ಮಾವನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಕೊಬ್ಬರಿ ಮಂಡಿ, ಮಂಡಿಯ ಹಿಂದೆ ಮನೆ. ಮಕ್ಕಳಿರಲಿಲ್ಲ. ಅತ್ತೆಯನ್ನು ತಂದದ್ದು ಕಡೂರಿನಾಚೆಯ ದೇವನೂರು ಕಡೆಯಿಂದ. ಅಲ್ಲಿ ಗಾಳಿಯೂ ಒಣ, ನೆಲವೂ ಒಣ. ತರೀಕೆರೆಗೆ ಬಂದ ಮೇಲೆ ಅವರಿಗೆ ಉಬ್ಬಸ ಹಿಡಿಯಿತು. ಮೋಡ ಮುಚ್ಚಿದರೆ ಸಾಕು, ಎದೆ ಸಿಳ್ಳೆ ಹಾಕುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ವರ್ಷಗಟ್ಟಲೆ ಹಾಗೆ. ಒಣಹವೆ ಇರುವ ಕಡೆ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದಕ್ಕೆ ಮಾವ, "ಅದೆಲ್ಲಾ ಆಗೋ ಮಾತಾ ಡಾಕ್ಟ್ರೇ, ಇನ್ನೊಂದು ಬಾಟ್ಲಿ ಔಷಧಿ ಬರ್ಕೊಡಿ" ಎಂದು ಎದ್ದು ಬಂದಿದ್ದರಂತೆ.

ಒಂದು ಬೇಸಿಗೆಯಲ್ಲಿ ಮಾವ ದೇವನೂರಿಗೆ ಹೋಗಿದ್ದಾಗ, ಅವರ ಭಾವಮೈದುನನ ಹೊಲದ ಬದು ಅಗೆಯುವಾಗ ಆ ಜೇಡ ಹೊರಗೆ ಬಿತ್ತು. ಅಂಗೈ ಅಗಲ, ಮೈತುಂಬ ಕಂದು ಕೂದಲು. ಇಂಗ್ಲಿಷಿನಲ್ಲಿ ಟರಾಂಟುಲಾ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಳುಗಳು ಗುದ್ದಲಿ ಎತ್ತಿದರೆ ಮಾವ ಅಡ್ಡ ನಿಂತು ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದೇಬಿಟ್ಟರು. ಪೆಪ್ಪರಮೆಂಟಿನ ಗಾಜಿನ ಭರಣಿಯಲ್ಲಿ ಇಳಿಸಿ, ನನ್ನ ಹಾಸಿಗೆಯ ಪಕ್ಕದ ಕಿಟಕಿಯಲ್ಲಿಟ್ಟರು.

"ಇದ್ಯಾಕೆ ಮಾವ ನಮಗೆ?" ಎಂದೆ.

"ಲೇ, ಶಿವನಿಗೆ ಬಲೆ ನೇಯ್ದು ಗುಡಿ ಕಟ್ಟಿದ್ದು ಯಾರು? ಜೇಡ. ಕಾಳಹಸ್ತಿಗೆ ಹೋಗಿ ಕೇಳು. ನೀನೇನು ಕಟ್ಟಿದ್ದೀಯ?"

ನಾನು ಏನನ್ನೂ ಕಟ್ಟಿರಲಿಲ್ಲವಾದ್ದರಿಂದ ಹಾಸಿಗೆಯನ್ನು ಕಿಟಕಿಯಿಂದ ದೂರಕ್ಕೆ ಎಳೆದುಕೊಂಡೆ.

ನಮ್ಮದು ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಯುವ ಮನೆತನ. ಮಾವ ಅದಕ್ಕೆ ಮೊದಲು ಬಾಳೆಹಣ್ಣು ಕೊಟ್ಟರು. ಆಮೇಲೆ ಹಾಲನ್ನ. ಆಮೇಲೆ ಮಂಡಕ್ಕಿ. ಜೇಡ ಮೂಸಿಯೂ ನೋಡಲಿಲ್ಲ.

ಅತ್ತೆ ಗೋಡೆಗೊರಗಿ ಏದುಸಿರಿನ ನಡುವೆಯೇ ಹೇಳಿದರು: "ಅದೇನು ಲಿಂಗ ಕಟ್ಕೊಂಡಿದ್ಯೇನ್ರೀ? ಹುಳ ಹಿಡ್ಕೊಡಿ."

ಮರುದಿನದಿಂದ ಮಾವ ಮಂಡಿಯ ಚೀಲಗಳ ಸಂದಿಯಲ್ಲಿ ಜಿರಲೆಗೆ ಹೊಂಚು ಹಾಕತೊಡಗಿದರು. ಸಿಕ್ಕಿದ್ದನ್ನು ಮುಖ ಅತ್ತ ತಿರುಗಿಸಿ, ಕಣ್ಣು ಮುಚ್ಚಿ, "ಶಿವ ಶಿವಾ" ಎನ್ನುತ್ತ ಭರಣಿಗೆ ಹಾಕುವುದು, ಓಡಿಹೋಗಿ ತಲೆಗೆ ನೀರು ಹೊಯ್ದುಕೊಳ್ಳುವುದು, ಆಮೇಲೆ ಪೂಜೆಗೆ ಕೂರುವುದು. ಇಷ್ಟು ಮಡಿಯಿಂದ ಊಟ ಬಡಿಸಿಕೊಂಡ ಜೇಡ ಲೋಕದಲ್ಲಿ ಇನ್ನೊಂದಿರಲಾರದು!

ಅಷ್ಟಾದರೂ ಅದು ತಿನ್ನಲಿಲ್ಲ. ಮಾವ ಕೆರೆಯಂಗಳದ ತಂಪು ಮಣ್ಣು ತಂದು ಭರಣಿಗೆ ತುಂಬಿ, ದಿನಾ ನೀರು ಚಿಮುಕಿಸಿದ್ದರು. ಜೇಡ ಆ ಮಣ್ಣಿಗೆ ಕಾಲಿಡದೆ ಗಾಜನ್ನು ಹತ್ತಿ ಮುಚ್ಚಳಕ್ಕೆ ಅಂಟಿಕೊಂಡಿತು. ಹೊಟ್ಟೆ ಬತ್ತಿತು. ಮಾವ ಇನ್ನಷ್ಟು ನೀರು ಹಾಕಿದರು. ಅವರಿಗೆ ಗೊತ್ತಿದ್ದ ಉಪಚಾರ ಅದೊಂದೇ.

"ಅದಕ್ಕೆ ಇಲ್ಲಿ ನೆಲ ಒಗ್ತಿಲ್ಲ ಕಣ್ರೀ," ಎಂದರು ಅತ್ತೆ. "ಅದು ಇದ್ದ ಬದುವಿನ ಮಣ್ಣೇ ತಂದು ಹಾಕಿ."

ಮಾವ ಹೊರಟೇಬಿಟ್ಟರು. ಕಡೂರಿನಲ್ಲಿ ಬಸ್ ಬದಲಾಯಿಸಿ ದೇವನೂರಿಗೆ ಹೋಗಿ, ಒಂದು ಚೀಲ ಮಣ್ಣು ಹೊತ್ತು ಬಂದರು. ದಾರಿಯಲ್ಲಿ ಕಂಡಕ್ಟರಿಗೂ ಅವರಿಗೂ ನಡೆದ ಸಂವಾದವನ್ನು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು.

"ಚೀಲದಾಗೆ ಏನು ಯಜಮಾನ್ರೇ?"

"ಮಣ್ಣು."

"ತರೀಕೆರೇಲಿ ಮಣ್ಣಿಲ್ವಾ?"

"ಐತೆ. ನಮ್ಮನೆಯೋರಿಗೆ ಒಗ್ಗಲ್ಲ."

ಕಂಡಕ್ಟರು ಲಗೇಜ್ ಚಾರ್ಜನ್ನೂ ಕೇಳದೆ ದೂರ ಹೋಗಿ ಕೂತನಂತೆ.

ಆ ಮಣ್ಣನ್ನು ಬಿಸಿಲಲ್ಲಿ ಹರಡಿ ಒಣಗಿಸಿದರು. ಭರಣಿಗೆ ತುಂಬಿ, ಬದುವಿನಲ್ಲಿದ್ದ ಬಿಲದ ಹಾಗೇ ಓರೆಯಾಗಿ ಒಂದು ತೂತು ಕೊರೆದರು. ನೀರು ಒಂದು ಮೂಲೆಗೆ ಮಾತ್ರ, ಒಂದು ಬಿರಡೆಯಷ್ಟು. ಮಳೆ ಹಿಡಿದ ದಿನ ಭರಣಿಯನ್ನು ಒಲೆಯ ಹತ್ತಿರ ಬೆಚ್ಚಗಿಟ್ಟು, ಹೊಗೆ ತಾಗದಂತೆ ಪಂಚೆ ಹೊದಿಸುತ್ತಿದ್ದರು. ಜೇಡ ಇಳಿಯಿತು. ಬಿಲದೊಳಗೆ ಹೋಗಿ ಬಾಗಿಲಿಗೆ ನೂಲು ನೇಯ್ದುಕೊಂಡಿತು. ಜಿರಲೆ ತಿಂದಿತು. ಕೆಲವು ತಿಂಗಳಲ್ಲಿ ಹಳೆಯ ಚರ್ಮ ಕಳಚಿ ಹೊಸ ಮದುವಣಗಿತ್ತಿಯ ಹಾಗೆ ಹೊರಬಂತು.

ಇನ್ನು ಮಾವನನ್ನು ಹಿಡಿಯುವವರುಂಟೇ? ಕೊಬ್ಬರಿಯ ಧಾರಣೆ ಕೇಳಲು ಬಂದವರಿಗೆಲ್ಲ ಜೇಡದ ಪಾಠ. ಕಾಡಂಚಿನಿಂದ ಯಾರೋ ಮರದ ಪೊಟರೆಯ ಜೇಡವೊಂದನ್ನು ಹಿಡಿದು ತಂದುಕೊಟ್ಟರೆ, "ಇದು ಮರದ್ದು ಕಣಪ್ಪಾ, ನೆಲದ್ದಲ್ಲ. ಇದಕ್ಕೆ ತಕ್ಕ ಮನೆ ನನ್ನ ಹತ್ರ ಇಲ್ಲ. ಹಿಡಿದ ಪೊಟರೆಗೇ ಬಿಟ್ಬಾ" ಎಂದು ವಾಪಸು ಕಳಿಸಿದರು.

ಜಡಿಮಳೆಯ ಒಂದು ಮಧ್ಯಾಹ್ನ ಅಜ್ಜಂಪುರದ ಗಿರಾಕಿಯೊಬ್ಬರನ್ನು ಮನೆಯೊಳಗೇ ಕರೆತಂದು ಭರಣಿ ತೋರಿಸುತ್ತಿದ್ದರು. "ನೋಡಿ ಸ್ವಾಮಿ, ಎಲ್ಲಿಂದ ತಂದ್ವೋ ಅಲ್ಲಿಯ ನೆಲ, ಅಲ್ಲಿಯ ಗಾಳಿ ಕೊಡ್ಬೇಕು. ಇಲ್ದಿದ್ರೆ ತರಬಾರ್ದು. ಬಾಯಿಲ್ಲದ್ದು ಪಾಪ, ಹೇಳ್ಕೊಳ್ಳಕ್ಕೂ ಬರಲ್ಲ."

ಕಾಫಿ ತಂದ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಉಸಿರು ಸಿಗುವವರೆಗೂ ಕಾದು, ಮೆಲ್ಲಗೆ ಕೇಳಿದರು:

"ನನ್ನೂ ಅಲ್ಲಿಂದಲೇ ತಂದಿದ್ದಲ್ವೇನ್ರೀ?"

ಅದರಲ್ಲಿ ಸಿಟ್ಟಿರಲಿಲ್ಲ. ಅದು ನಿಜವಾಗಿಯೂ ಅವರಿಗೆ ಹೊಳೆದ ಪ್ರಶ್ನೆ. ಮಾವ ಭರಣಿಯನ್ನು ಕೆಳಗಿಟ್ಟು, ಆ ದಿನವೆಲ್ಲ ಮಂಡಿಯಲ್ಲಿ ತಕ್ಕಡಿ ಮುಟ್ಟದೆ ಕೂತರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಮಂಡಿಯನ್ನು ಬೇರೆಯವರಿಗೆ ವಹಿಸಿಕೊಟ್ಟರು. ನೆಂಟರಿಷ್ಟರು ಬುದ್ಧಿ ಹೇಳಲು ಸಾಲಾಗಿ ಬಂದರು. ಹೆಂಡತಿ ಕೆಮ್ಮುತ್ತಾಳೆಂದು ಕಟ್ಟಿ ಬೆಳೆಸಿದ ವ್ಯಾಪಾರ ಬಿಡುವವರುಂಟೇ? ಜೇಡದ ಮಾತು ಕೇಳಿ ಮಂಡಿ ಬಿಟ್ಟವನು ಎಂದು ಊರು ನಕ್ಕಿತು. ಮಾವ ಒಂದು ಕೈಯಲ್ಲಿ ಭರಣಿ, ಇನ್ನೊಂದರಲ್ಲಿ ಅತ್ತೆಯ ರಟ್ಟೆ ಹಿಡಿದು ಬಸ್ ಹತ್ತಿದರು.

ಜೇಡವನ್ನು ಬದುವಿಗೆ ಬಿಟ್ಟರು. ದೇವನೂರಿನಲ್ಲಿ ಎಣ್ಣೆ, ಬೆಲ್ಲ, ಬೆಂಕಿಪೊಟ್ಟಣ ಮಾರುವ ಪುಟ್ಟ ಅಂಗಡಿ ಇಟ್ಟರು. ಅದು ನಡೆಯಿತು ಎನ್ನುವುದಕ್ಕಿಂತ ತೆವಳಿತು ಎನ್ನಬೇಕು. ಒಂದು ಭಾನುವಾರ ನಾನು ಹೋದಾಗ ಮಾವ ಬಾಗಿಲಲ್ಲೇ ತುಟಿಗೆ ಬೆರಳಿಟ್ಟು ತಡೆದರು. ಒಳಗೆ ಅತ್ತೆ ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಹೋಗಿದ್ದರು. ಎದೆಯಲ್ಲಿ ಸದ್ದಿಲ್ಲ.

"ನೋಡೋ," ಎಂದು ಮಾವ ಪಿಸುಗುಟ್ಟಿದರು. "ಮಲಗವ್ಳೆ."

ಗಿರಾಕಿ ಬಂದು ಕರೆದರೂ ಏಳದೆ ಹೊಸ್ತಿಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

ಆ ಸುಖ ಬಹಳ ಕಾಲ ಉಳಿಯಲಿಲ್ಲ. ಮೂರನೆಯ ವರ್ಷದ ಚಳಿಗಾಲದಲ್ಲಿ ಜ್ವರ ಬಂತು. ಮೊದಲೇ ಸವೆದಿದ್ದ ಎದೆ ತಡೆಯಲಿಲ್ಲ, ಅತ್ತೆ ಹೋದರು. ಸುದ್ದಿ ಸಿಕ್ಕಿ ನಾನು ಹೋಗುವಷ್ಟರಲ್ಲಿ ಅವರ ತವರಿನ ಹೊಲದಲ್ಲಿ ಗುಂಡಿ ಸಿದ್ಧವಾಗಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಕಾಲು ಮಡಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬುತ್ತಾರೆ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಮುಂದಿನ ಕಾರ್ಯಕ್ಕೆ ಸೂಚನೆ ಕೊಟ್ಟಾಗ ಮಾವ ಹತ್ತಿರ ಹೋಗಿ ಕೈ ಮುಗಿದರು.

"ಅಯ್ನೋರೇ, ಇವಳನ್ನ ಮಲಗ್ಸಬೋದಾ? ನನ್ನ ಮನೇಲಿ ಅಷ್ಟು ವರ್ಷ ಕೂತೇ ಕಳೆದ್ಲು. ಮತ್ತೆ ಕೂರ್ಸೋಕೆ ನನಗೆ ಮನಸ್ಸು ಬರ್ತಿಲ್ಲ."

ನೆಂಟರಲ್ಲಿ ಗುಸುಗುಸು ಎದ್ದಿತು. ಇಲ್ಲೂ ಇವನ ಹುಚ್ಚಾಟವೇ ಎಂದು ಯಾರೋ ಅಂದರು. ವಯಸ್ಸಾಗಿದ್ದ ಅಯ್ಯನವರು ಮಾವನ ಮುಗಿದ ಕೈಗಳನ್ನು ಹಿಡಿದು ಇಳಿಸಿದರು.

"ಲಿಂಗ ಕೈಯಾಗಿದ್ರೆ ಸಾಕು," ಎಂದು, ಅಗೆಯುವವರ ಕಡೆ ತಿರುಗಿದರು. "ಗುಂಡಿ ಉದ್ದ ಮಾಡ್ರಪ್ಪಾ."

ಗುದ್ದಲಿಗಳು ಮತ್ತೆ ಇಳಿದವು. ನಾವೆಲ್ಲ ಬಿಸಿಲಲ್ಲಿ ಕಾಯುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಆಳುಗಳು ಇಷ್ಟು ಸಾಕು ಎಂದು ಮೇಲಕ್ಕೆ ಹತ್ತಲು ಹೊರಟರು. ಮಾವ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅವರನ್ನು ಬೇಡಿಕೊಳ್ಳುವ ಹಾಗೆ ಹೇಳಿದರು:

"ಇನ್ನೊಂಚೂರು ತೆಗೀರಪ್ಪಾ. ಕಾಲು ಚಾಚ್ಬೇಕು ಅವಳು."