ಸಿವೆಟ್ಸ್ ಬೆಟ್ಟವನ್ನು ತಗ್ಗಿಸಿದ ಸೈಕಲ್ ಸವಾರಿ

ಸಿವೆಟ್ಸ್ ಬೆಟ್ಟದ ಎತ್ತರ ಒಂಬೈನೂರ ತೊಂಬತ್ತೊಂಬತ್ತು ಮೀಟರ್. ಹೋದ ಚಳಿಗಾಲದವರೆಗೆ ಅದು ಸಾವಿರದ ಮುನ್ನೂರಕ್ಕೂ ಮೇಲಿತ್ತು. ಬೆಟ್ಟ ಕುಸಿಯಲಿಲ್ಲ, ಯಾರೂ ಅಗೆಯಲಿಲ್ಲ. ಲಿಪೋವ್ನಿಕ್ ಪುರಸಭೆಯ ಸರ್ವಾನುಮತದ ನಿರ್ಣಯದ ಮೇರೆಗೆ ಅದು ತಗ್ಗಿದೆ. ಬೆಟ್ಟದ ಕಡೆಯಿಂದ ಈವರೆಗೆ ಯಾವ ಆಕ್ಷೇಪಣೆಯೂ ಬಂದಿಲ್ಲ.

ಇದಕ್ಕೆಲ್ಲ ಮೂಲ ಹಿಮದ ಸೈಕಲ್ ಸವಾರಿ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಮ್ಮೂರಿನ ಸೈಕಲ್ ಸಂಘದವರು ಮೊಳೆ ಟೈರು ಹಾಕಿಸಿಕೊಂಡು ಸಿವೆಟ್ಸ್ ಏರುತ್ತಾರೆ. ಏರುತ್ತಾರೆ ಎನ್ನುವುದು ಸಂಘದ ಮಾತು. ಅರ್ಧ ದಾರಿ ಜನ ಸೈಕಲಿನ ಮೇಲಿರುತ್ತಾರೆ, ಉಳಿದರ್ಧ ಸೈಕಲ್ಲೇ ಜನರ ಮೇಲಿರುತ್ತದೆ. ತುದಿಯಲ್ಲಿ ತೋನ್ಚ್ಕಾ ನಡೆಸುವ ತಂಗುಮನೆ ಇದೆ. ಅಲ್ಲಿ ಹುಳಿ ಎಲೆಕೋಸಿನ ಬಿಸಿ ಸಾರು, ರಮ್ ಬೆರೆಸಿದ ಚಹಾ ಹೊಟ್ಟೆಗಿಳಿಸಿ, ತಾವು ಎಷ್ಟು ದೂರ ತುಳಿದೆವೆಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಇಳಿಯುತ್ತಾರೆ. ಸವಾರಿಯ ಮುಂದಾಳು ಪುರಸಭೆಯ ಅಧ್ಯಕ್ಷರೇ ಆಗಿರಬೇಕು. ಅದು ರೂಢಿ.

ಇನ್ನೊಂದು ರೂಢಿಯೂ ಇದೆ. ನಮ್ಮ ಸ್ಲೊವೇನಿಯಾದ ಬೆಟ್ಟಗಳಲ್ಲಿ ಸಾವಿರ ಮೀಟರ್ ದಾಟಿದ ಮೇಲೆ ಯಾರೂ ಯಾರಿಗೂ ‘ನೀವು’ ಅನ್ನುವಂತಿಲ್ಲ. ಪಾದ್ರಿಯಾಗಲಿ, ಹಲ್ಲಿನ ಡಾಕ್ಟರಾಗಲಿ, ತೆರಿಗೆ ಇಲಾಖೆಯವರಾಗಲಿ, ಅಲ್ಲಿ ಎಲ್ಲರೂ ‘ನೀನು’. ಸಿವೆಟ್ಸ್ ದಾರಿಯಲ್ಲಿ ಈ ಗಡಿ ಬುಗ್ಗೆ ತಿರುವಿನಲ್ಲಿತ್ತು. ಅಲ್ಲಿ ‘೧೦೦೦ ಮೀ.’ ಎಂದು ಬರೆದ ಹಳದಿ ಬೋರ್ಡು ನಿಂತಿತ್ತು. ಅದರ ಕೆಳಗೆ ಮರ್ಯಾದೆ, ಮೇಲೆ ಸಲಿಗೆ.

ಹೋದ ವರ್ಷ ಅಧ್ಯಕ್ಷರಾಗಿದ್ದವರು ಲಿಯೋಪೋಲ್ಡ್ ಕ್ರಿವೆಟ್ಸ್. ಈಗಲೂ ಅವರೇ. ಇದನ್ನು ಬರೆಯುತ್ತಿರುವ ಮೇಜು ಸಾವಿರ ಮೀಟರಿನ ಕೆಳಗಿರುವುದರಿಂದ ‘ಅವರು’ ಎಂದೇ ಬರೆಯುತ್ತೇನೆ. ಚುನಾವಣೆಗೆ ಮುಂಚೆ ಅವರು ಬರೀ ಪೋಲ್ದೆ. ಗಟಾರದ ಪೈಪು ಮಾರುವ ಪೋಲ್ದೆ, ಊರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿನ ಹಿಂದೆ ಕಾಣದೆ ಹೋಗುವ ಪೋಲ್ದೆ. ಬಸ್ ಡ್ರೈವರಿನಿಂದ ಹಿಡಿದು ಎದುರುಮನೆಯ ಮಗುವಿನವರೆಗೆ ಎಲ್ಲರೂ “ಸ್ವಲ್ಪ ಸರಿಯೋ ಪೋಲ್ದೆ” ಎನ್ನುತ್ತಿದ್ದರು. ಇಬ್ಬರು ಘಟಾನುಘಟಿಗಳು ಕಚ್ಚಾಡಿಕೊಂಡಾಗ, ಯಾರಿಗೂ ತೊಂದರೆಯಿಲ್ಲದವನು ಇರಲಿ ಎಂದು ನಾವು ಇವರಿಗೆ ಮತ ಹಾಕಿದೆವು. ಇದು ಅವರಿಗೂ ಗೊತ್ತಿತ್ತು. ಕನ್ನಡಿಯ ಮುಂದೆ ಕ್ಷೌರ ಮಾಡಿಕೊಳ್ಳುವಾಗ ತಮ್ಮನ್ನು ತಾವೇ ನೋಡಿ, ಊರಿಗೆ ಇದಕ್ಕಿಂತ ಒಳ್ಳೆಯವನು ಸಿಗಲಿಲ್ಲವೇ ಎಂದು ನಗುತ್ತಿದ್ದರು. ಆಫೀಸಿನ ಕುರ್ಚಿ ಕಿರುಗುಟ್ಟುತ್ತಿತ್ತು, ಕಿಟಕಿ ಮುಚ್ಚುತ್ತಿರಲಿಲ್ಲ. ಆ ಹುದ್ದೆಯಿಂದ ಅವರಿಗೆ ಸಿಕ್ಕಿದ್ದು ‘ನೀವು’ ಒಂದೇ. ಅದನ್ನು ಅವರು ಹೊಸ ಕೋಟಿನ ಹಾಗೆ ಜೋಪಾನ ಮಾಡುತ್ತಿದ್ದರು.

ಅಧ್ಯಕ್ಷರಾದ ಮಾರನೇ ದಿನ ಬಾಲ್ಯದ ಗೆಳೆಯ ಸ್ಟಾನೆ ಓಮಾನ್ ಆಫೀಸಿಗೆ ಬಂದು “ಏನೋ ಪೋಲ್ದೆ” ಎಂದಿದ್ದ. ಸ್ಟಾನೆ ಸೈಕಲ್ ರಿಪೇರಿ ಅಂಗಡಿಯವನು, ಕ್ರಿವೆಟ್ಸರ ಮದುವೆಯಲ್ಲಿ, ಆಪ್ತ ಗೆಳೆಯನಿಗಷ್ಟೇ ಸಲ್ಲುವ ಸಾಕ್ಷಿಯ ಜಾಗದಲ್ಲಿ, ಪಕ್ಕಕ್ಕೆ ನಿಂತಿದ್ದವನು. ಗುಮಾಸ್ತರು ನೋಡುತ್ತಿದ್ದರು. ಕ್ರಿವೆಟ್ಸರು ಕೆಮ್ಮಿ, “ಇಲ್ಲಿ ಅಧ್ಯಕ್ಷರೇ ಅನ್ನಿ” ಎಂದುಬಿಟ್ಟರು. ಅಂದಿನಿಂದ ಸ್ಟಾನೆ ಗೌರವದಿಂದಲೇ ಅವರನ್ನು ಗೋಳುಹೊಯ್ದುಕೊಳ್ಳುತ್ತಿದ್ದ.

ಸವಾರಿಗೆ ಮುಂಚೆ ಸೈಕಲ್ ತಂದು ಒಪ್ಪಿಸಿದ್ದೂ ಹಾಗೆಯೇ. “ಮಾನ್ಯ ಅಧ್ಯಕ್ಷರೇ, ತಮ್ಮ ಚೈನಿಗೆ ಎಣ್ಣೆ ಬಿಟ್ಟಿದೀನಿ. ತಮ್ಮ ಹಿಂದಿನ ಗಾಲಿ ಅಲ್ಲಾಡ್ತಿತ್ತು, ಬಿಗಿ ಮಾಡಿದೀನಿ. ತಮ್ಮ ಬೆಲ್ಲು ಕೆಟ್ಟಿದೆ. ತಾವೇ ಬಾಯಲ್ಲಿ ಕೂಗಬೇಕು.”

“ಸಾಕು ಸ್ಟಾನೆ.”

“ಓಮಾನ್ ಅವರೇ ಅನ್ಬೇಕು ತಾವು. ಇದು ಆಫೀಸು.”

ಕ್ರಿವೆಟ್ಸರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ತೋನ್ಚ್ಕಾನ ಮದುವೆ ಆಗ್ತಿದೀರಂತೆ. ಊರೆಲ್ಲಾ ಅದೇ ಮಾತು.”

“ಹೌದು. ಏಪ್ರಿಲಲ್ಲಿ.”

“ಸಾಕ್ಷಿ ಯಾರು?”

ಸ್ಟಾನೆ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಅದನ್ನ ಬೆಟ್ಟದ ಮೇಲೆ ಕೇಳ್ತೀನಿ. ‘ನೀವು ನನ್ನ ಪಕ್ಕ ನಿಲ್ತೀರಾ’ ಅಂತ ಕೇಳಿದ್ರೆ ಅದು ಅರ್ಜಿ ಆಗೋಗುತ್ತೆ. ನಾನು ಗೆಳೆಯನ್ನ ಕೇಳ್ಬೇಕು, ಪುರಸಭೇನಲ್ಲ. ಬುಗ್ಗೆ ತಿರುವು ದಾಟಲಿ.”

ಅವನು ಹೋದ ಮೇಲೆ ಕ್ರಿವೆಟ್ಸರಿಗೆ ಕಣ್ಣು ತುಂಬಿ ಬಂತು. ಆ ಖುಷಿ ಮಧ್ಯಾಹ್ನದ ಊಟದವರೆಗೆ ಉಳಿಯಿತು. ಊಟವಾದ ಮೇಲೆ ಹಿಂದಿನ ಅಧ್ಯಕ್ಷರು ನೆನಪಾದರು. ಅವರು ‘ನೀವು’ ಆಗಿ ಬೆಟ್ಟ ಹತ್ತಿ, ಎಲ್ಲರೊಂದಿಗೆ ರಮ್ ಕುಡಿದು, ‘ನೀನು’ ಆಗಿ ಇಳಿದಿದ್ದರು. ಕೆಳಗೆ ಬಂದ ಮೇಲೂ ಜನ ಬದಲಾಯಿಸಲಿಲ್ಲ. ಮುಂದಿನ ಚುನಾವಣೆಯಲ್ಲಿ, “ನಿನಗ್ಯಾಕೋ ಆ ಕುರ್ಚಿ” ಎಂದು ಪ್ರೀತಿಯಿಂದಲೇ ಸೋಲಿಸಿದರು.

ಕ್ರಿವೆಟ್ಸರು ಕಾರ್ಯದರ್ಶಿ ಮಿಲೆನಾ ರೋಗೆಲ್ ಅವರನ್ನು ಕರೆದರು. ಮಿಲೆನಾ ಆರು ಜನ ಅಧ್ಯಕ್ಷರನ್ನು ಕಂಡವರು. ಎಲ್ಲರಿಗೂ ಒಂದೇ ಕಪ್ಪಿನಲ್ಲಿ ಕಾಫಿ ಕೊಟ್ಟವರು.

“ಮೇಲೆ ಹೋದಾಗ ಸ್ಟಾನೆ ಒಬ್ಬನೇ ‘ನೀನು’ ಅನ್ನಲಿ, ಉಳಿದವರು ‘ನೀವು’ ಅನ್ನಲಿ. ಹೀಗೇನಾದ್ರೂ ಮಾಡಬಹುದಾ?”

“ಒಬ್ಬರಿಗೆ ವಿನಾಯಿತಿ ಕೊಟ್ಟರೆ ಎಲ್ಲರೂ ಕೇಳ್ತಾರೆ, ಅಧ್ಯಕ್ಷರೇ.” ಮಿಲೆನಾ ಸ್ವಲ್ಪ ಯೋಚಿಸಿದರು. “ಜನ ‘ನೀನು’ ಅನ್ನೋಕೆ ಶುರುಮಾಡೋದು ಎತ್ತರ ನೋಡಿ ಅಲ್ಲ, ಬೋರ್ಡು ನೋಡಿ. ಎತ್ತರ ನಮ್ಮ ಕೈಲಿಲ್ಲ. ಬೋರ್ಡು ನಮ್ಮ ಇಲಾಖೇದು.”

ಶುಕ್ರವಾರ ಪ್ರಕಟಣೆ ಹೊರಬಿತ್ತು:

“ಬುಗ್ಗೆ ತಿರುವಿನ ಎತ್ತರಸೂಚಕ ಫಲಕವು ಬಹುಕಾಲದಿಂದ ಒಂದೇ ಸ್ಥಳದಲ್ಲಿ ಸೇವೆ ಸಲ್ಲಿಸುತ್ತಿರುವುದರಿಂದ, ಸಾರ್ವಜನಿಕ ಹಿತದೃಷ್ಟಿಯಿಂದ ಅದನ್ನು ವರ್ಗಾವಣೆ ಮಾಡಲಾಗಿದೆ. ಸವಾರಿಯ ದಿನ ಫಲಕವು ಸವಾರರ ಮುಂದೆ ಸಂಚರಿಸತಕ್ಕದ್ದು. ಫಲಕವನ್ನು ಹಿಂದಿಕ್ಕುವುದು ದಂಡಾರ್ಹ.”

ಭಾನುವಾರ ಬೆಳಿಗ್ಗೆ ಚರ್ಚಿನ ಮುಂದಿನಿಂದ ಸವಾರಿ ಹೊರಟಿತು. ಎಲ್ಲರಿಗಿಂತ ಮುಂದೆ ಮಿಲೆನಾ, ಅವರ ಕ್ಯಾರಿಯರಿನ ಮೇಲೆ ನೆಟ್ಟಗೆ ಕಟ್ಟಿದ ಹಳದಿ ಬೋರ್ಡು. ಅದರ ಹಿಂದೆ ಅಧ್ಯಕ್ಷರು, ಅವರ ಹಿಂದೆ ನಾವೆಲ್ಲ. ಹಿಮ ಮಂಡಿಯವರೆಗಿತ್ತು. ಗರಗಸದ ಮಿಲ್ಲಿನ ತನಕ ತುಳಿದೆವು, ಆಮೇಲೆ ತಳ್ಳಿದೆವು, ಆಮೇಲೆ ಹೆಗಲಿಗೇರಿಸಿದೆವು. ಮಿಲೆನಾ ಮಾತ್ರ ತುಳಿಯುತ್ತಲೇ ಇದ್ದರು.

ಬುಗ್ಗೆ ತಿರುವಿನಲ್ಲಿ ಸ್ಟಾನೆ ರೂಢಿಯಂತೆ ಬಾಯಿ ತೆರೆದ. ಬೋರ್ಡಿದ್ದ ಜಾಗದಲ್ಲಿ ಎರಡು ತೂತು ಉಳಿದಿದ್ದವು. ಬೋರ್ಡು ಮುಂದಿನ ತಿರುವಿನಲ್ಲಿ ಮಿನುಗುತ್ತಿತ್ತು. ಅವನು ಬಾಯಿ ಮುಚ್ಚಿದ.

ಸ್ವಲ್ಪ ಮೇಲೆ ಅಧ್ಯಕ್ಷರು ಸೈಕಲ್ ಸಮೇತ ಹಿಮದೊಳಗೆ ಬಿದ್ದರು. ಕಾಲು ಮೇಲೆ, ತಲೆ ಕೆಳಗೆ. ಯಾವ ವರ್ಷವಾದರೂ ಅಲ್ಲಿ ನಗು ಎದ್ದು, ನಾಲ್ಕು ಕೈ ಚಾಚಿ, “ಏಳೋ ಮಾರಾಯ” ಎನ್ನುತ್ತಿದ್ದರು. ಈ ಸಲ ಎಲ್ಲರೂ ಸಾಲಾಗಿ ನಿಂತೆವು.

“ಅಧ್ಯಕ್ಷರು ಹಿಮಕ್ಕೆ ದಯಮಾಡಿಸಿದ್ದಾರೆ,” ಎಂದ ಸ್ಟಾನೆ.

“ಎತ್ತಿ ನನ್ನನ್ನ.”

“ತಮ್ಮ ಯಾವ ಭಾಗದಿಂದ ಶುರು ಮಾಡಲಿ, ಅಪ್ಪಣೆಯಾಗಲಿ.”

ಎಡಗಾಲಿನಿಂದ ಎಂದು ತೀರ್ಮಾನವಾಗುವ ಹೊತ್ತಿಗೆ ಅವರ ಕಿವಿಯೊಳಗೆ ಹಿಮ ತುಂಬಿತ್ತು. ತಲೆಕೆಳಗಾಗಿ ಬಿದ್ದವನಿಗೆ ಇಷ್ಟೊಂದು ಗೌರವ ಯಾಕಪ್ಪಾ ಎಂದು ಕ್ರಿವೆಟ್ಸರಿಗೇ ನಗು ಬಂತು. ನಗಲಿಲ್ಲ. ನಕ್ಕರೆ ಎಲ್ಲರೂ ನಗುತ್ತಿದ್ದರು.

ಕೈಗಡಿಯಾರದಲ್ಲಿ ಎತ್ತರ ನೋಡುವ ದಂತವೈದ್ಯರೊಬ್ಬರು, “ಇದು ಸಾವಿರದ ಇನ್ನೂರು ತೋರಿಸ್ತಿದೆಯಲ್ಲಾ” ಎಂದು ಗೊಣಗಿದರು. ಮಿಲೆನಾ ತಿರುಗಿ ನೋಡದೆ, “ನಿಮ್ಮ ಗಡಿಯಾರ ಮುಂದೆ ಓಡ್ತಿದೆ ಡಾಕ್ಟರೇ, ಫಲಕ ಹಿಂದಿಕ್ಕಿದ್ರೆ ಅದಕ್ಕೂ ದಂಡ” ಎಂದರು. ದಂತವೈದ್ಯರು ಗಡಿಯಾರವನ್ನು ಕೋಟಿನ ತೋಳಿನೊಳಗೆ ಎಳೆದುಕೊಂಡರು.

ತುದಿ ಮುಟ್ಟಿದಾಗ ತೊಡಕು ಎದುರಾಯಿತು. ಮುಂದೆ ಹೋಗಲು ಬೆಟ್ಟವೇ ಇರಲಿಲ್ಲ. ಮಿಲೆನಾ ತಂಗುಮನೆಯ ಬಾವುಟದ ಹಗ್ಗಕ್ಕೆ ಬೋರ್ಡನ್ನು ಕಟ್ಟಿ, ಕಂಬದ ತುದಿಗೆ ಏರಿಸಿದರು.

ತೋನ್ಚ್ಕಾ ಸೌಟು ಹಿಡಿದೇ ಹೊರಗೆ ಬಂದಳು. “ಇಲ್ಲಿಗೆ ಮಂತ್ರಿ ಬಂದಾಗ್ಲೂ ‘ಕೂತ್ಕೊಳ್ಳೋ, ಸಾರು ಆರೋಗುತ್ತೆ’ ಅಂದವಳು ನಾನು. ನಿನ್ನ ಬೋರ್ಡಿಗೆ ಹೆದರ್ತೀನಾ?”

“ಸಾವಿರ ಮೀಟರಿನ ಕೆಳಗಿನ ರಸ್ತೆಗಳ ಹಿಮ ತೆಗೆಸೋದು ಪುರಸಭೆ, ತೋನ್ಚ್ಕಾ ಅವರೇ,” ಎಂದರು ಮಿಲೆನಾ. “ಉಚಿತವಾಗಿ.”

ತೋನ್ಚ್ಕಾ ಕಂಬದ ತುದಿಯನ್ನು ನೋಡಿದಳು, ಹೂತುಹೋಗಿದ್ದ ತನ್ನ ದಾರಿಯನ್ನು ನೋಡಿದಳು. “ಒಳಗೆ ಬನ್ನಿ ಅಧ್ಯಕ್ಷರೇ,” ಎಂದಳು. “ದಯವಿಟ್ಟು ಕಾಲು ಒರೆಸ್ಕೊಳ್ಳಿ.”

ಒಳಗೆ ಎಲ್ಲರೂ ‘ನೀವು’ ‘ತಾವು’ ಎನ್ನುತ್ತ ಸಾರು ಕುಡಿದೆವು. ಉಪ್ಪಿನ ಡಬ್ಬಿ ದಾಟಿಸುವುದಕ್ಕೂ ಹೊತ್ತು ಹಿಡಿಯಿತು. ಸುಳ್ಳು ಹೇಳಲು ಯಾರಿಗೂ ಮನಸ್ಸಾಗಲಿಲ್ಲ. ಮರ್ಯಾದಸ್ಥರ ಮುಂದೆ ಸುಳ್ಳು ರುಚಿಸುವುದಿಲ್ಲ.

ಕ್ರಿವೆಟ್ಸರ ಸಾರು ಬಟ್ಟಲಲ್ಲೇ ಆರುತ್ತಿತ್ತು. ಸ್ಟಾನೆ ಕಿಟಕಿಯ ಬಳಿ ಕೂತು ಕಂಬವನ್ನೇ ನೋಡುತ್ತಿದ್ದ. ಬೋರ್ಡು ಇಳಿಸಿ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಬೇಕೆಂದು ಎರಡು ಸಲ ಗಂಟಲು ಸರಿಮಾಡಿಕೊಂಡರು. ಎರಡೂ ಸಲ ಅಧ್ಯಕ್ಷರು ಭಾಷಣ ಮಾಡುತ್ತಾರೆಂದು ನಾವೆಲ್ಲ ಎದ್ದು ನಿಂತೆವು. ಅವರು ಕುಳಿತುಕೊಂಡರು.

ಕೊನೆಗೆ ಸ್ಟಾನೆಯೇ ಹತ್ತಿರ ಬಂದ.

“ಆ ಕಂಬ ಹತ್ತೋ ವಯಸ್ಸಲ್ಲ ನನ್ನದು,” ಎಂದ. ಈ ಸಲ ದನಿಯಲ್ಲಿ ಕುಹಕವಿರಲಿಲ್ಲ. ಟೋಪಿ ತೆಗೆದು ಎದೆಗೊತ್ತಿಕೊಂಡ. “ಮಾನ್ಯ ಅಧ್ಯಕ್ಷರೇ, ಏಪ್ರಿಲಲ್ಲಿ ನಡೆಯೋ ನನ್ನ ಮದುವೇಲಿ ತಾವು ಸಾಕ್ಷಿಯಾಗಿ ನಿಲ್ಲಬೇಕು ಅಂತ ಕೋರ್ತೀನಿ.”

ಕ್ರಿವೆಟ್ಸರ ಎದೆಯಲ್ಲಿ, ‘ನಿಲ್ತೀನಿ ಕಣೋ, ಇಷ್ಟು ಹೊತ್ತು ಯಾಕೆ ಬೇಕಾಯ್ತೋ’ ಎಂಬ ಮಾತು ಸಿದ್ಧವಾಗಿತ್ತು. ಆದರೆ ಟೋಪಿ ತೆಗೆದು ಕೋರುವವರನ್ನು ಅವರು ದಿನವೂ ನೋಡುತ್ತಿದ್ದರು. ಅಂಥವರಿಗೆ ಹೇಳುವ ಮಾತು ಬಾಯಿಗೆ ಅಭ್ಯಾಸವಾಗಿತ್ತು.

“ಪರಿಶೀಲಿಸಲಾಗುವುದು,” ಎಂದುಬಿಟ್ಟರು.

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡರು. ಅಷ್ಟರಲ್ಲಿ ಸ್ಟಾನೆ ಟೋಪಿ ಹಾಕಿಕೊಂಡಾಗಿತ್ತು.

ಪರಿಶೀಲಿಸಲಾಯಿತು. ಬೋರ್ಡು ಕಂಬದಲ್ಲಿ ಗಾಳಿಗೆ ಬಡಿದು ತೋನ್ಚ್ಕಾಳ ನಿದ್ದೆ ಕೆಡಿಸುತ್ತಿದ್ದರಿಂದ, ಅದನ್ನು ಕೆಳಗಿಳಿಸಲೆಂದು ಪುರಸಭೆ ಮೊದಲು ಬೆಟ್ಟವನ್ನೇ ಒಂಬೈನೂರ ತೊಂಬತ್ತೊಂಬತ್ತಕ್ಕೆ ಇಳಿಸಿತು. ಆಮೇಲೆ ಸಾವಿರದ ಬೋರ್ಡಿಗೆ ಬೆಟ್ಟದ ನೆಲದಲ್ಲೆಲ್ಲೂ ಜಾಗ ಇಲ್ಲವಾದ್ದರಿಂದ ಅದಕ್ಕೆ ಕಂಬದಲ್ಲೇ ಬಿಗಿಯಾಗಿ ಮೊಳೆ ಹೊಡೆಸಿತು. ರಸ್ತೆಯ ಹಿಮ ತೆಗೆಸಲಾಯಿತು, ಬಸ್ಸು ತುದಿಯವರೆಗೆ ಬಂತು, ಟಿಕೆಟ್ಟಿನ ಬೆಲೆ ಇಳಿಯಿತು. ಶಾಲೆಯ ನಕಾಶೆಯನ್ನು ಮಕ್ಕಳೇ ತಿದ್ದಿದರು. ಬೆಟ್ಟ ಹತ್ತುವುದು ಈಗ ಎಷ್ಟೋ ಸಲೀಸು ಎಂದು ವಯಸ್ಸಾದವರು ಪುರಸಭೆಯನ್ನು ಹೊಗಳಿದರು. ಬೆಟ್ಟ ಪುರಸಭೆಯ ಎತ್ತರದ ಮಿತಿಯೊಳಗೆ ಬಂದದ್ದರಿಂದ ಅಲ್ಲಿ ಮದುವೆ ನಡೆಸಿಕೊಡುವುದು ಅಧ್ಯಕ್ಷರ ಕರ್ತವ್ಯವಾಯಿತು. ನಡೆಸಿಕೊಡುವವರೇ ಸಾಕ್ಷಿಯಾಗುವಂತಿಲ್ಲ. ಕೋರಿಕೆಯನ್ನು ವಿಷಾದಪೂರ್ವಕವಾಗಿ ತಿರಸ್ಕರಿಸಿ, ಸಾಕ್ಷಿಯಾಗಿ ಮಿಲೆನಾ ರೋಗೆಲ್ ಅವರನ್ನು ನಿಯೋಜಿಸಲಾಯಿತು.

ಏಪ್ರಿಲಿನಲ್ಲಿ ತಂಗುಮನೆಯ ಮುಂದೆ ಮದುವೆ ನಡೆಯಿತು. “ಓಮಾನ್ ಅವರೇ, ತಾವು ಇವರನ್ನು ಪತ್ನಿಯಾಗಿ ಸ್ವೀಕರಿಸುತ್ತೀರಾ?” ಎಂದು ಕ್ರಿವೆಟ್ಸರು ಕೇಳಿದರು. ಸ್ಟಾನೆ ತೋನ್ಚ್ಕಾಳ ಕಡೆ ತಿರುಗಿ, “ನಿಮ್ಮನ್ನು ಸ್ವೀಕರಿಸುತ್ತೇನೆ” ಎಂದ. “ನಿಮ್ಮ ಇಷ್ಟ” ಎಂದಳು ತೋನ್ಚ್ಕಾ. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಊಟಕ್ಕೆ ನಿಲ್ಲದೆ ಅಧ್ಯಕ್ಷರು ಸೈಕಲ್ ತೆಗೆದುಕೊಂಡು ಒಬ್ಬರೇ ಹೊರಟರು. ಅಂಗಳದ ಅಂಚಿನಲ್ಲಿ ಕರಗುತ್ತಿದ್ದ ಹಿಮದಲ್ಲಿ ಗಾಲಿ ಜಾರಿ ಬಿದ್ದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

“ಏಳೋ ಪೋಲ್ದೆ,” ಎಂದುಕೊಂಡರು. ಎಷ್ಟೋ ತಿಂಗಳ ಮೇಲೆ ಆ ಹೆಸರು ಕಿವಿಗೆ ಬಿದ್ದು ಅವರಿಗೆ ಹಾಯೆನಿಸಿತು. ಆಮೇಲೆ ತಲೆಯೆತ್ತಿ ಕಂಬ ನೋಡಿದರು. ಬೋರ್ಡು ಅವರಿಗಿಂತ ಮೇಲೆಯೇ ಇತ್ತು.

“ಏಳಿ ಅಧ್ಯಕ್ಷರೇ,” ಎಂದು ತಿದ್ದಿಕೊಂಡು, ಎದ್ದು, ಕೋಟಿನ ಹಿಮ ಕೊಡವಿಕೊಂಡರು.