ಐದು ಆಂಪಿಯರಿನ ಸ್ನಾನ

ಅತ್ತೆ: ನಾನು ಡ್ರೈಯರ್ ಮುಟ್ಟಲೇ ಇಲ್ಲ.

ನಾನು: ಮುಟ್ಟದೆ ಕೂದಲು ಒಂದು ಕಡೆ ಮಾತ್ರ ಒಣಗಿದ್ದು ಹೇಗೆ ಅತ್ತೆ?

ಅತ್ತೆ: ಕಿಟಕಿ ಆ ಕಡೆ ಇದೆ. ಗಾಳಿಗೆ ಒಣಗ್ತು.

ನಾನು: ಕಿಟಕಿ ಮುಚ್ಚಿದೆ. ಹೊರಗೆ ಮಳೆ ಸುರೀತಿದೆ.

ಅತ್ತೆ: ಹಾಗಾದ್ರೆ ಚಿಂತೆಗೆ ಒಣಗಿರಬೇಕು. ಈ ಮನೇಲಿ ಚಿಂತೆ ಮಾಡೋಳು ನೀನೊಬ್ಬಳೇ ಅಂದ್ಕೊಂಡಿದ್ದೀಯಾ ರಂದಾ?

ಮಧ್ಯಾಹ್ನ ಒಂದೂವರೆ. ನಮ್ಮ ಸೈದಾ ಊರಿನ ಚಳಿಗಾಲದಲ್ಲಿ ಮಳೆ ಹಿಡಿದ ಮಧ್ಯಾಹ್ನಕ್ಕೂ ಸಂಜೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಬೀದಿಗೆಲ್ಲ ಬಾಡಿಗೆ ಕರೆಂಟು ಹಂಚುವ ಜನರೇಟರಿನವನು ನಮ್ಮ ಮನೆಗೆ ಕೊಡುವುದು ಐದು ಆಂಪಿಯರು. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು ಎಳೆದರೂ ಕರೆಂಟು ಕಡಿಯುವ ಕಡ್ಡಿ ಬೀಳುತ್ತದೆ. ಬಿದ್ದ ಕಡ್ಡಿ ಇರುವುದು ಕೆಳಗೆ, ಕಟ್ಟಡದ ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ. ನಾವಿರುವುದು ಆರನೆಯ ಮಹಡಿಯಲ್ಲಿ. ಲಿಫ್ಟು ಓಡುವುದು ಸರ್ಕಾರಿ ಕರೆಂಟಿನಲ್ಲಿ ಮಾತ್ರ, ಸರ್ಕಾರಿ ಕರೆಂಟು ಬರುವುದು ದಿನಕ್ಕೆ ಮೂರು ಗಂಟೆ, ಯಾವ ಮೂರು ಗಂಟೆ ಎಂದು ಹೇಳಬಲ್ಲವರು ಇನ್ನೂ ಹುಟ್ಟಿಲ್ಲ. ಈಗ ಕಡ್ಡಿ ಬಿದ್ದಿತ್ತು, ಆದ್ದರಿಂದ ಅದನ್ನೆತ್ತಲು ನನ್ನ ಗಂಡ ವಜ್ದಿ ಮೆಟ್ಟಿಲಿಳಿದು ಹೋಗಿದ್ದ.

ನಾಲ್ಕು ಗಂಟೆಗೆ ಅತ್ತೆಯ ಅಕ್ಕ, ಇಂತಿಸಾರ್ ದೊಡ್ಡಮ್ಮ, ಮಗುವನ್ನು ನೋಡಲು ಬರುವವರಿದ್ದರು. ಹೋದ ಸಲ ಬಂದಾಗ ಅವರು ಮಗುವಿನ ಕತ್ತಿನ ಮಡಿಕೆಯಲ್ಲಿ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಕರವಸ್ತ್ರಕ್ಕೆ ಒರೆಸಿಕೊಂಡಿದ್ದರು. ಆ ಏನೂ ಹೇಳದ್ದನ್ನು ನಾನು ಹನ್ನೆರಡು ದಿನದಿಂದ ಕೇಳಿಸಿಕೊಳ್ಳುತ್ತಲೇ ಇದ್ದೇನೆ. ಈ ಸಲ ಅವರು ಬರುವುದರೊಳಗೆ ನನ್ನ ಮಗಳು ಯಾರಾಳಿಗೆ ಬಿಸಿನೀರಿನ ಸ್ನಾನ ಆಗಿರಲೇಬೇಕಿತ್ತು. ಮೂವತ್ತೈದು ದಿನದ ಮಗು. ಉಗುರುಬೆಚ್ಚಗಿನ ನೀರು ಸಾಲದು, ಎದೆಗೆ ಶೀತವಾದರೆ ಯಾರು ಹೊಣೆ?

ಅತ್ತೆ: ನಾನು ನಾಲ್ಕು ಮಕ್ಕಳನ್ನ ಒಲೆ ಮೇಲೆ ಕಾಯಿಸಿದ ನೀರಲ್ಲೇ ತೊಳೆದೆ. ನಾಲ್ಕೂ ಬದುಕಿವೆ. ಒಂದು ಗಣಿತದ ಮೇಷ್ಟ್ರೂ ಆಗಿದೆ.

ನಾನು: ಒಲೆ ಮೇಲೆ ನಿಮ್ಮ ಮುಗ್ಲಿ ಕೂತಿದೆಯಲ್ಲ ಅತ್ತೆ! ಸಿಲಿಂಡರಿನಲ್ಲಿರೋದೇ ಅದು ಬೇಯೋವಷ್ಟು. ಬೇರೆ ಸಿಲಿಂಡರ್ ನಾಳೆ.

ಅತ್ತೆ: ಮಗು ನೋಡೋಕೆ ಬಂದವರಿಗೆ ಮುಗ್ಲಿ ಕೊಡದೆ ಇನ್ನೇನು ನೀರು ಕೊಡ್ಲಾ? ಅದೂ ಇಂತಿಸಾರ್‌ಗೆ? ಮೇಲೆ ಹಾಕಿದ ಬಾದಾಮಿ ಎಷ್ಟಿದೆ ಅಂತ ಎಣಿಸಿ ಊರೆಲ್ಲ ಹೇಳ್ತಾಳೆ.

ಅಕ್ಕಿಹಿಟ್ಟು, ಸಕ್ಕರೆ, ಶಾಜೀರಿಗೆ ಹಾಕಿದ ಆ ಕಂದು ಪಾಯಸ ಕೈಬಿಟ್ಟರೆ ತಳ ಹಿಡಿಯುತ್ತದೆ. ಅತ್ತೆ ಬಲಗೈಯಲ್ಲಿ ಅದನ್ನು ತಿರುವುತ್ತಲೇ ಎಡಗೈಯಲ್ಲಿ ಕೂದಲು ಒಣಗಿಸಿಕೊಂಡಿದ್ದರು. ಎಡಗಡೆ ಮಾತ್ರ ಒಣಗಿದ್ದು ಅದಕ್ಕೇ. ವಜ್ದಿ ಏದುಸಿರು ಬಿಡುತ್ತಾ ಒಳಗೆ ಬಂದ. ಕಿವಿಯ ಮೇಲೆ ಪೆನ್ಸಿಲ್ ಇತ್ತು. ಶಾಲೆಗೆ ರಜೆಯಾದರೂ ಅದಕ್ಕೆ ರಜೆಯಿಲ್ಲ.

ವಜ್ದಿ: ಎತ್ತಿ ಬಂದೆ. ಈಗ ಎಲ್ಲರೂ ಕೇಳಿ. ಹೀಟರ್‌ಗೆ ನಾಲ್ಕೂವರೆ ಆಂಪಿಯರ್. ಉಳಿದಿದ್ದು ಅರ್ಧ. ಆ ಅರ್ಧದಲ್ಲಿ ಒಂದು ದೀಪ ಹಾಕಬಹುದು, ಒಂದು ಫೋನ್ ಚಾರ್ಜ್ ಮಾಡಬಹುದು. ಕೂದಲು ಒಣಗಿಸೋ ಹಾಗಿಲ್ಲ.

ಅತ್ತೆ: ಅರ್ಧ ಆಂಪಿಯರಿಗೆ ಅರ್ಧ ತಲೆನೂ ಒಣಗಲ್ವಾ?

ವಜ್ದಿ: ಇಲ್ಲಮ್ಮ.

ಅತ್ತೆ: ಇಷ್ಟು ಓದಿಸಿದ್ದು ದಂಡ.

ವಜ್ದಿ: ಯಾರಾದ್ರೂ ಏನಾದ್ರೂ ಹಾಕೋಕೆ ಮುಂಚೆ ಜೋರಾಗಿ ಕೂಗಿ ಹೇಳ್ಬೇಕು. ಅದು ಈ ಮನೆ ಕಾನೂನು. ರಂದಾನೇ ಬರೆದಿದ್ದು.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ನಾನು ಬರೆದ ಕಾನೂನುಗಳು ಹನ್ನೊಂದು. ಮೊದಲನೆಯದು, ಬೇಡದ್ದು ಯಾವುದೂ ಉರಿಯಬಾರದು. ಕೊನೆಯದು, ಮೊದಲನೆಯದನ್ನು ಮರೆಯಬಾರದು. ಫ್ರಿಜ್ಜಿನ ತಂತಿಯನ್ನು ಕಿತ್ತಾಗಿತ್ತು. ದೀಪಗಳನ್ನು ಆರಿಸಿದ್ದಾಗಿತ್ತು. ಹೀಟರ್ ಮಾತ್ರ ಸ್ನಾನದ ಮನೆಯಲ್ಲಿ ಗುಂಯ್ ಎನ್ನುತ್ತಿತ್ತು. ನಾನು ಯಾರಾಳನ್ನು ಹೆಗಲಿಗೆ ಹಾಕಿಕೊಂಡು ಅದರ ಮುಂದೆ ಕಾವಲು ನಿಂತೆ.

ಅತ್ತೆ: ಸರ್ಕಾರಿ ಕರೆಂಟ್ ಬಂತೇನೋ ನೋಡೋ.

ವಜ್ದಿ: (ಪಡಸಾಲೆಯತ್ತ ಕತ್ತು ಹೊರಳಿಸಿ) ಕೆಂಪು ದೀಪ ಹತ್ತಿಲ್ಲಮ್ಮ.

ಅತ್ತೆ: ಮೇಲಿನ ಮನೆಯವರು ಬಟ್ಟೆ ಒಗೆಯೋ ಮಷೀನ್ ಹಾಕಿದ್ದಾರೆ. ಕೇಳಿಸ್ತಿದೆಯಾ?

ವಜ್ದಿ: ಹೂಂ. ಜೊತೆಗೆ ಕಸ ಎಳೆಯೋ ಮಷೀನೂ.

ಅತ್ತೆ: ಎರಡೂ ಒಟ್ಟಿಗೆ! ಹಾಗಾದ್ರೆ ಹತ್ತು ಆಂಪಿಯರ್ ತಗೊಂಡಿದ್ದಾರೆ.

ವಜ್ದಿ: (ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಗೀಚಿ) ಹದಿನೈದು.

ಅತ್ತೆ: ಹದಿನೈದು! ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಾಗ ಆ ಹೆಂಗಸು ಬೇರೆ ಮುಖ ಮಾಡ್ಕೊಂಡು ಹೋದ್ಲು. ಈಗ ತಿಳೀತು ಕಾರಣ. ಹದಿನೈದು ಆಂಪಿಯರಿನ ಮುಖ ಅದು.

ಮನೆ ಗಪ್ಪೆಂದಿತು. ಹೀಟರಿನ ಗುಂಯ್ ನಿಂತಿತು.

ನಾನು: ಅತ್ತೆ!

ಅತ್ತೆ: ಎರಡೂ ಕೈ ಚಮಚದ ಮೇಲಿದೆ, ನೋಡ್ಕೊ ತಾಯಿ. ಬೇಕಾದ್ರೆ ಪೊಲೀಸರನ್ನ ಕರೆಸು.

ವಜ್ದಿ: ನಾನೇ. ಫ್ರಿಜ್ ಹಾಕಿದೆ.

ನಾನು: ಕೂಗಿ ಹೇಳ್ಲಿಲ್ಲ!

ವಜ್ದಿ: ಗಟ್ಟಿ ಮೊಸರು ಹುಳಿ ಬರುತ್ತೆ ಅಂತ ಐದೇ ನಿಮಿಷಕ್ಕೆ ಹಾಕಿದೆ. ಕೂಗಿದ್ರೆ ನೀನು ಬೇಡ ಅಂತಿದ್ದೆ.

ನಾನು: ಅದಕ್ಕೇ ಅಲ್ವಾ ಕೂಗೋದು?

ವಜ್ದಿ ಮತ್ತೆ ಇಳಿದ. ನಾನು ಹೀಟರಿನ ಕೊಳಾಯಿ ತಿರುಗಿಸಿ, ನೀರಿಗೆ ಸ್ನಾನದ ಥರ್ಮಾಮೀಟರ್ ಅದ್ದಿದೆ. ಇಪ್ಪತ್ತಾರು. ಮೂವತ್ತೇಳು ಬೇಕು. ಇನ್ನೂ ಹನ್ನೊಂದು ಡಿಗ್ರಿ ಬಾಕಿ, ಎರಡು ಗಂಟೆ ದಾಟಿತ್ತು. ಯಾರಾ ಸೀನಿದಳು. ನಾನು ಅವಳ ಹಣೆ ಮುಟ್ಟಿ ನೋಡಿದೆ.

ಅತ್ತೆ: ಸೀನು ಬಂದ್ರೆ ಆರೋಗ್ಯ ಕಣೇ. ಅಲ್ವೇನೇ, ನನ್ನ ಗೋರಿ ಮುಚ್ಚೋಳೇ, ನನ್ನ ಚಿನ್ನ?

ನಮ್ಮ ಕಡೆ ಮುದ್ದು ಹೆಚ್ಚಾದಾಗ ಹಾಗೆಯೇ ಅನ್ನುವುದು, ನಿನಗಿಂತ ಮುಂಚೆ ನಾನು ಹೋಗಲಿ ಅಂತ. ಆದರೂ ಸ್ನಾನದ ನೀರು ಇಪ್ಪತ್ತಾರು ಡಿಗ್ರಿ ಇರುವಾಗ ಗೋರಿಯ ಮಾತು ನನಗೆ ಬೇಡವಾಗಿತ್ತು.

ವಜ್ದಿ: (ಬಾಗಿಲಲ್ಲಿ, ಎದೆ ಒತ್ತಿಕೊಂಡು) ಎತ್ತಿದೆ. ಮೆಟ್ಟಿಲ ದೀಪ ಯಾರೋ ಹಾಗೇ ಉರಿಯೋಕೆ ಬಿಟ್ಟಿದ್ರು. ಆರೂ ಮಹಡೀದು ಆರಿಸ್ಕೊಂಡು ಬಂದೆ.

ನಾನು: ಒಳ್ಳೇದು ಮಾಡಿದ್ರಿ. ಜನಕ್ಕೆ ಸ್ವಲ್ಪನೂ ಜವಾಬ್ದಾರಿ ಇಲ್ಲ.

ಅತ್ತೆ: ಹದಿನೈದು ಆಂಪಿಯರಿನವರೇ ಇರಬೇಕು.

ಇಪ್ಪತ್ತು ನಿಮಿಷ ಯಾರೂ ಏನೂ ಮುಟ್ಟಲಿಲ್ಲ. ಮುಗ್ಲಿ ಗಟ್ಟಿಯಾಯಿತು. ಅತ್ತೆ ಅದನ್ನು ಬಟ್ಟಲುಗಳಿಗೆ ಸುರಿದು, ಇಂತಿಸಾರ್ ದೊಡ್ಡಮ್ಮನ ಬಟ್ಟಲಿನ ಮೇಲೆ ಒಂಬತ್ತು ಬಾದಾಮಿ ಇಟ್ಟು, ಒಂದನ್ನು ವಾಪಸು ತೆಗೆದರು. ಒಲೆಯ ಉರಿ ನೀಲಿಯಿಂದ ಹಳದಿಗೆ ತಿರುಗಿ, ಒಮ್ಮೆ ಬಿಕ್ಕಿ, ಆರಿಹೋಯಿತು. ಗ್ಯಾಸ್ ಮುಗಿಯಿತು. ಇನ್ನು ಹೀಟರೇ ಗತಿ. ಅಷ್ಟರಲ್ಲಿ ಮತ್ತೆ ಗಪ್ಪೆಂದಿತು.

ವಜ್ದಿ: ನಾನಲ್ಲ!

ಅತ್ತೆ: ನಾನೂ ಅಲ್ಲ. ಎರಡು ಕೈಯಲ್ಲೂ ಬಾದಾಮಿ.

ಇಬ್ಬರೂ ಬಂದು ಮಲಗುವ ಕೋಣೆಯ ಬಾಗಿಲಲ್ಲಿ ನಿಂತರು. ನಾನು ಇಸ್ತ್ರಿಪೆಟ್ಟಿಗೆ ಹಿಡಿದಿದ್ದೆ. ಅದರ ಕೆಳಗೆ ಮಗುವಿನ ಟವೆಲು ಇತ್ತು.

ನಾನು: ಟವೆಲು ತಣ್ಣಗಿತ್ತು.

ಇಬ್ಬರೂ ಟವೆಲನ್ನೇ ನೋಡಿದರು.

ನಾನು: ಬಿಸಿನೀರಿಂದ ಎತ್ತಿ ತಣ್ಣನೆ ಟವೆಲಿಗೆ ಹಾಕಿದ್ರೆ ಏನಾಗುತ್ತೆ ಗೊತ್ತಾ? ನಾನು ಓದಿದ್ದೀನಿ.

ಅತ್ತೆ: ಕೂಗಿ ಹೇಳಿದ್ಯೇನಮ್ಮ?

ನಾನು: ಮಗು ನಿದ್ದೆ ಮಾಡ್ತಿತ್ತು. ಮೆಲ್ಲಗೆ ಹೇಳಿದೆ.

ಅತ್ತೆ: ಯಾರಿಗೆ?

ನಾನು: ಮಗುವಿಗೆ.

ಅತ್ತೆ ಸೆರಗಿಲ್ಲದ ಹೆಂಗಸಾದರೂ ಸೆರಗು ಕೊಡವಿಕೊಂಡಂತೆ ಹೆಗಲು ಕೊಡವಿದರು. ವಜ್ದಿ ಒಂದು ಪಾದರಕ್ಷೆ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದ. ಅವನು ಬಾಗಿಲು ತೆರೆದ. ಹೊಸ್ತಿಲಾಚೆ, ಕೊಡೆ ಮಡಿಸಿಕೊಂಡು, ಇಂತಿಸಾರ್ ದೊಡ್ಡಮ್ಮ ನಿಂತಿದ್ದರು. ಗಂಟೆ ಮೂರು. ಕೂದಲು ಎರಡೂ ಕಡೆ ಒಣಗಿತ್ತು, ಅಲೆಅಲೆಯಾಗಿ ಮಿಂಚುತ್ತಿತ್ತು.

ದೊಡ್ಡಮ್ಮ: ಬೆಲ್ ಒತ್ತಿ ಒತ್ತಿ ಬೆರಳು ಬಗ್ಗಿಹೋಯ್ತು. ಮನೆ ಯಾಕೆ ಹೀಗೆ ಕತ್ತಲೆ? ಯಾರಿಗಾದ್ರೂ ಏನಾದ್ರೂ ಆಯ್ತಾ?

ಅತ್ತೆ: ನಾಲ್ಕಕ್ಕೆ ಬರ್ತೀನಿ ಅಂದಿದ್ದೆ ಅಕ್ಕ!

ದೊಡ್ಡಮ್ಮ: ಲಿಫ್ಟ್ ನಡೀವಾಗಲೇ ಬಂದುಬಿಡೋಣ ಅಂತ ಬಂದೆ. ನನ್ನ ಮಂಡಿಗೆ ಆರು ಮಹಡಿ ಹತ್ತೋಕಾಗುತ್ತಾ?

ವಜ್ದಿಯ ಒಂದು ಪಾದರಕ್ಷೆ ಕಾಲಲ್ಲಿ, ಇನ್ನೊಂದು ಕೈಯಲ್ಲಿ.

ವಜ್ದಿ: ಲಿಫ್ಟ್ ನಡೀತಿದೆಯಾ?

ದೊಡ್ಡಮ್ಮ: ಒಂದು ಗಂಟೆಯಿಂದ ನಮ್ಮ ಬೀದೀಲೂ ನಿಮ್ಮ ಬೀದೀಲೂ ಸರ್ಕಾರಿ ಕರೆಂಟ್ ಇದೆಯಲ್ಲೋ. ಮೆಟ್ಟಿಲ ದೀಪ ಮಾತ್ರ ಯಾರೋ ಪುಣ್ಯಾತ್ಮ ಎಲ್ಲಾ ಆರಿಸಿಟ್ಟಿದ್ದಾನೆ.

ವಜ್ದಿ: ಜನರೇಟರ್ ಓಡ್ತಾನೇ ಇದೆ!

ದೊಡ್ಡಮ್ಮ: ಹಿಂದಿನ ಬೀದಿಗೆ ಕರೆಂಟಿಲ್ಲ. ಅವರಿಗೆ ಓಡ್ತಿದೆ.

ಅತ್ತೆ: ಎರಡು ಸಲ ಲಿಫ್ಟಿನ ಪಕ್ಕದಲ್ಲೇ ಇಳಿದು ಹತ್ತಿದ್ಯಲ್ಲೋ! ಕಣ್ಣು ಎಲ್ಲಿತ್ತು?

ವಜ್ದಿ: ಅದನ್ನ ನೋಡೋದು ಬಿಟ್ಟು ಎರಡು ವರ್ಷ ಆಯ್ತಮ್ಮ. ಕೆಂಪು ದೀಪ ಹತ್ತಿಲ್ಲ ಅಂದ್ಮೇಲೆ ಇನ್ನೇನು ನೋಡ್ಲಿ?

ನಾಲ್ವರೂ ಪಡಸಾಲೆಯ ಗೋಡೆಯತ್ತ ನೋಡಿದೆವು. ಸರ್ಕಾರಕ್ಕೂ ಜನರೇಟರಿಗೂ ನಡುವೆ ತಿರುಗಿಸುವ ಹಿಡಿ ಅಲ್ಲಿತ್ತು, ಜನರೇಟರಿನ ಕಡೆಗೆ ಬಾಗಿಕೊಂಡು. ಅದರ ಮೇಲೆ, ಸರ್ಕಾರಿ ಕರೆಂಟು ಬಂದೊಡನೆ ಹತ್ತಿಕೊಳ್ಳುವ ಕೆಂಪು ದೀಪದ ಜಾಗದಲ್ಲಿ, ಖಾಲಿ ಹೋಲ್ಡರ್ ಇತ್ತು.

ಅತ್ತೆ: ದೀಪ ಎಲ್ಲಿ?

ಮೂವತ್ತೈದು ದಿನಗಳ ನಿದ್ದೆಗೆಟ್ಟ ತಲೆಯೊಳಗೆ ಎಲ್ಲೋ ಒಂದು ಕಡ್ಡಿ ಮೇಲಕ್ಕೆದ್ದಿತು. ನಾನು ಮಗುವಿನ ಹತ್ತಿಯ ಡಬ್ಬಿ ತೆರೆದು, ಹತ್ತಿಯೊಳಗೆ ಬೆಚ್ಚಗೆ ಮಲಗಿದ್ದ ಕೆಂಪು ದೀಪವನ್ನು ತೆಗೆದು ವಜ್ದಿಗೆ ಕೊಟ್ಟೆ.

ನಾನು: ಸುಮ್ಮನೆ ಉರೀತಿತ್ತು.

ವಜ್ದಿ: ಅದು ಸರ್ಕಾರಿ ಕರೆಂಟಲ್ಲಿ ಮಾತ್ರ ಉರಿಯೋದು ರಂದಾ. ಕರೆಂಟ್ ಬೇಕಾದಷ್ಟು ಇದ್ದಾಗ ಮಾತ್ರ.

ನಾನು: ಮೊದಲನೇ ಕಾನೂನು...

ಅತ್ತೆ: ಆ ಹಾಳೆ ಕಿತ್ತು ತಾ. ಮೊದಲು ಹಿಡಿ ತಿರುಗಿಸೋ!

ವಜ್ದಿ "ತಿರುಗಿಸ್ತಿದ್ದೀನಿ!" ಎಂದು ಜೋರಾಗಿ ಕೂಗಿ ತಿರುಗಿಸಿದ. ಕಿತ್ತಿದ್ದ ತಂತಿಗಳನ್ನೆಲ್ಲ ಸಿಕ್ಕಿಸಿದೆವು, ಮನೆಯಲ್ಲಿದ್ದವೆಲ್ಲ ಒಟ್ಟಿಗೆ ಎಚ್ಚೆತ್ತವು. ಫ್ರಿಜ್ ನಡುಗಿತು, ಹೀಟರ್ ಗುಂಯ್ ಎಂದಿತು, ಮರೆತೇ ಹೋಗಿದ್ದ ರೇಡಿಯೋ ಅಡುಗೆಮನೆಯಲ್ಲಿ ಹವಾಮಾನ ಹೇಳತೊಡಗಿತು. ಅತ್ತೆ ಡ್ರೈಯರ್ ಹಿಡಿದು ಕೋಣೆಗೆ ಓಡಿದರು. ಅರೆಬರೆ ಕಾದಿದ್ದ ನೀರಿಗೆ ಅರ್ಧ ಗಂಟೆ ಸಾಕಾಯಿತು. ಮೂವತ್ತೇಳು. ನಾನು ಎರಡು ಸಲ ಅಳೆದೆ. ಬಿಸಿ ಟವೆಲಿನ ಸಮೇತ ಸ್ನಾನವಾಯಿತು, ಕತ್ತಿನ ಮಡಿಕೆಯನ್ನು ಮೂರು ಸಲ ತೊಳೆದೆ. ದೊಡ್ಡಮ್ಮ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದರು.

ದೊಡ್ಡಮ್ಮ: ನಯೀಮನ್ ಕಂದ. ಮಿಂದದ್ದು ಸುಖವಾಗಲಿ. ಮಗು ಹೀಗಿರಬೇಕು.

ಹನ್ನೆರಡು ದಿನದಿಂದ ಕಿವಿಯಲ್ಲಿ ಕೂತಿದ್ದದ್ದು ಎದ್ದುಹೋಯಿತು. ನನಗೆ ಅಳು ಬಂತು. ಅದೇ ಕ್ಷಣ ಕೋಣೆಯಲ್ಲಿ ಡ್ರೈಯರ್ ಉಸಿರು ನಿಲ್ಲಿಸಿತು, ರೇಡಿಯೋ ಮಾತಿನ ಮಧ್ಯದಲ್ಲೇ ಸುಮ್ಮನಾಯಿತು. ಮೂರು ಗಂಟೆ ಮುಗಿದಿತ್ತು. ಸರ್ಕಾರ ಹೋಯಿತು. ಬಲಗಡೆಯ ಕೂದಲು ಇನ್ನೂ ಒದ್ದೆಯಾಗಿರುವಾಗಲೇ ಅತ್ತೆ ಹೊರಬಂದರು. ದೊಡ್ಡಮ್ಮ ಮುಗ್ಲಿಯ ಬಟ್ಟಲು ಹಿಡಿದಿದ್ದರು.

ದೊಡ್ಡಮ್ಮ: ಬಾದಾಮಿ ಎಂಟಿದೆ.

ಅತ್ತೆ: ಲಿಫ್ಟ್ ನಿಂತುಹೋಯ್ತಕ್ಕ.

ದೊಡ್ಡಮ್ಮ: ಗೊತ್ತಾಯ್ತು. ನನ್ನ ಮಂಡಿಗೆ ಡಾಕ್ಟರ್ ದಿನಕ್ಕೆ ಒಂದು ಮಹಡಿ ಅಂತ ಹೇಳಿದ್ದಾರೆ. ಹತ್ತೋದಕ್ಕೂ ಅಷ್ಟೇ, ಇಳಿಯೋದಕ್ಕೂ ಅಷ್ಟೇ.

ಅತ್ತೆ: ಹಾಗಂದ್ರೆ ಆರು ದಿನ?

ದೊಡ್ಡಮ್ಮ: ಮಧ್ಯದ ಮಹಡೀಲಿ ಯಾರ ಮನೇಲಿ ಮಲಗ್ಲಿ? ಮತ್ತೆ ಕರೆಂಟ್ ಬರೋವರೆಗೂ ಇಲ್ಲೇ ಇರ್ತೀನಿ. ನನಗೇನೂ ಅವಸರ ಇಲ್ಲ. ಕೋಣೆ ಬೆಚ್ಚಗಿಡೋ ಹೀಟರ್ ಒಂದಿದ್ರೆ ಸಾಕು, ಅದಿಲ್ಲದೆ ಮಾತ್ರ ನಿದ್ದೆ ಬರಲ್ಲ. ನಿಮ್ಮದೆಷ್ಟು ಆಂಪಿಯರ್?

ಅತ್ತೆ ವಜ್ದಿಯ ಕೈಯಿಂದ ಕೆಂಪು ದೀಪವನ್ನು ಕಸಿದುಕೊಂಡರು. ಪಡಸಾಲೆಗೆ ಕುರ್ಚಿ ಎಳೆದು, ಹತ್ತಿ ನಿಂತು, ತಮ್ಮ ಕೈಯಾರೆ ಹೋಲ್ಡರಿಗೆ ತಿರುಗಿಸಿ ಕೂರಿಸಿದರು. ಆಮೇಲೆ ಕುರ್ಚಿಯಿಂದಿಳಿಯದೆ ಅದನ್ನೇ ದಿಟ್ಟಿಸುತ್ತಾ ದನಿ ತಗ್ಗಿಸಿದರು.

ಅತ್ತೆ: ವಜ್ದಿ.

ವಜ್ದಿ: ಏನಮ್ಮ?

ಅತ್ತೆ: ನಿನ್ನ ದೊಡ್ಡಮ್ಮನ್ನ ಹೊತ್ಕೊಂಡು ಆರು ಮಹಡಿ ಇಳಿಯೋಕೆ ಎಷ್ಟು ಆಂಪಿಯರ್ ಬೇಕಾಗುತ್ತೆ?

ವಜ್ದಿ ಒಮ್ಮೆ ದೊಡ್ಡಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದ.